ಮಾಡದ ಪ್ರಾರ್ಥನೆಯ ಉತ್ತರ

"ಒಂದು ಪ್ರಶ್ನೆ ಕೇಳ್ಬಹುದಾ, ಮೇಡಂ?"

ಆ ದನಿಗೆ ಝೋಯಾ ಪರದೆ ಬಿಟ್ಟು ಸಭೆಯ ಕಡೆ ತಿರುಗಿದಳು. ಅಬೀದ್! ಹೋದ ವರ್ಷ ಹೆಣ್ಣು ನೋಡಲು ಬಂದಿದ್ದ ಹೊನ್ನಾವರದ ಹುಡುಗ, ಹಡಗಿನ ಆಫೀಸರ್! ತಾನು ಬೇಡವೆಂದು ಹೇಳಿ ಕಳಿಸಿದ್ದವನು... ಮಲೇಶಿಯಾದ ಸುಬಾಂಗ್ ಜಯಾದ ಈ ಕಾಲೇಜಿಗೆ ಯಾಕೆ ಬಂದ?

ಅಂದು ಯಾರು ಬೇಕಾದರೂ ಬಂದು ಕೇಳಬಹುದಾದ ಉಪನ್ಯಾಸ. ಪರದೆಯ ಮೇಲೆ ಸ್ಪೇನಿನ ಕಡಲತೀರದ ಬೆನಿಡಾರ್ಮ್ ಪಟ್ಟಣ, ಮುಗಿಲೆತ್ತರದ ಹೋಟೆಲುಗಳು. ಪ್ರವಾಸೋದ್ಯಮದ ಉಪನ್ಯಾಸಕಿ ಝೋಯಾ ಅದರ ಇತಿಹಾಸ ಹೇಳುತ್ತಿದ್ದಳು. ಒಂದು ಕಾಲಕ್ಕೆ ಅದು ಬೆಸ್ತರ ಊರು. ಗಂಡಸರು ಟ್ಯೂನಾ ಮೀನಿಗೆ, ಹಡಗಿನ ಕೆಲಸಕ್ಕೆ ಎಂದು ತಿಂಗಳುಗಟ್ಟಲೆ ಹೋಗಿಬಿಡುತ್ತಿದ್ದರು. ಹೋಟೆಲುಗಳು ಬಂದ ಮೇಲೆ ಊರಲ್ಲೇ ದುಡಿಮೆ ಸಿಕ್ಕಿತು.

"ಗಂಡಸರು ಕಡಲು ಬಿಟ್ಟಾಗ ಹೆಂಗಸರು ಖುಷಿಪಟ್ರಾ?" ಅಬೀದ್ ಕೇಳಿದ.

"ಪಡದೆ ಇರ್ತಾರಾ? ನಮ್ಮ ಅಬ್ಬಾನೂ ಹಡಗಲ್ಲೇ ಇದ್ರು. ಅಮ್ಮಿ ಬಾಗಿಲು ಕಾದೂ ಕಾದೂ ಮುದುಕಿ ಆದ್ರು. ಅಂಥ ಬಾಳು ನಂಗೆ ಬೇಡ ಅಂತಲೇ..."

ಝೋಯಾ ನಾಲಿಗೆ ಕಚ್ಚಿಕೊಂಡಳು. ಅಬೀದನ ಮುಖ ಬಿಳಿಚಿಕೊಂಡಿತ್ತು.

ಉಪನ್ಯಾಸ ಮುಗಿದ ಮೇಲೆ ಇಬ್ಬರೂ ಎದುರಿನ ಮಾಮಕ್‌ನಲ್ಲಿ, ತಮಿಳು ಮುಸ್ಲಿಮರ ಟೀ ಅಂಗಡಿಯಲ್ಲಿ, ಟೀ ಮುಂದಿಟ್ಟುಕೊಂಡು ಕೂತರು.

"ಇಸ್ತಿಖಾರಾ ಸರಿ ಬರ್ಲಿಲ್ಲ ಅಂತ ನಿಮ್ಮ ಚಿಕ್ಕಮ್ಮ, ಅಮೀರುನ್ನೀಸಾ ಖಾಲಾ ಹೇಳಿದ್ರು. ಅಲ್ಲಾಹನೇ ಬೇಡ ಅಂದ್ಮೇಲೆ ನಾನೇನು ಮಾತಾಡ್ಲಿ? ಸುಮ್ಮನಾದೆ."

ಮದುವೆಯಂಥ ನಿರ್ಧಾರಕ್ಕೆ ಮುಂಚೆ ದೇವರಲ್ಲಿ ದಾರಿ ಕೇಳುವ ಪ್ರಾರ್ಥನೆ ಇಸ್ತಿಖಾರಾ. ಸಂಬಂಧ ಬೇಡವಾದಾಗ ಯಾರ ಮನಸ್ಸೂ ನೋಯದಿರಲೆಂದು ಹಿರಿಯರು ಅದರ ಹೆಸರು ಹೇಳಿ ಜಾರಿಕೊಳ್ಳುವುದೂ ಉಂಟು. ಈ ಪುಣ್ಯಾತ್ಮ ಅದನ್ನು ಅಕ್ಷರಶಃ ನಂಬಿ ಕೂತಿದ್ದ!

"ನಾನು... ಆ ನಮಾಝ್ ಮಾಡ್ಲೇ ಇಲ್ಲ, ಅಬೀದ್."

"ಏನು?!" ಅವನು ಟೀ ಲೋಟವನ್ನು ಪಕ್ಕಕ್ಕೆ ಸರಿಸಿದ. "ಕೇಳದೇನೇ ಅಲ್ಲಾಹನ ಹೆಸರು ಹೇಳಿಸಿದ್ರಾ? ಒಂದು ವರ್ಷ ನನ್ನಲ್ಲೇ ಏನೋ ಕೊರತೆ ಇದೆ ಅಂದ್ಕೊಂಡಿದ್ದೆ!"

"ಖಾಲಾ ಹಾಗೆ ಹೇಳ್ತಾರೆ ಅಂತ ಗೊತ್ತಿತ್ತು. ತಡೀಲಿಲ್ಲ... ತಪ್ಪಾಯ್ತು. ನೀವು ಇಷ್ಟ ಆಗ್ಲಿಲ್ಲ ಅಂತಲ್ಲ. ತುಂಬಾ ಇಷ್ಟ ಆದ್ರಿ, ಅದಕ್ಕೇ ಭಯ ಆಯ್ತು!"

ಅಯ್ಯೋ, ಏನಂದುಬಿಟ್ಟೆ ನಾನು! ಝೋಯಾ ತನ್ನ ಮಾತಿಗೆ ತಾನೇ ಬೆಚ್ಚಿದಳು.

ಅಬೀದ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ನಾಳೆ ಕ್ಲಾಂಗ್ ಬಂದರಿನಿಂದ ಹೊರಡ್ತೀನಿ. ನಾಲ್ಕು ತಿಂಗಳು. ಪೋಸ್ಟರಲ್ಲಿ ನಿಮ್ಮ ಹೆಸರು ನೋಡಿ, ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ. ಸುಳ್ಳು ಹೇಳಲ್ಲ, ಹಡಗು ಬಿಡೋಕೆ ನನ್ನಿಂದ ಆಗಲ್ಲ. ಈ ಸಲ ನಿಜವಾಗ್ಲೂ ಕೇಳಿ ಝೋಯಾ. ಉತ್ತರ ಏನೇ ಬರ್ಲಿ, ನೀವೇ ಹೇಳಿ."

ಮರುದಿನ ಬೆಳಗ್ಗೆ ಅವನು ಹಡಗು ಹತ್ತುವ ಹೊತ್ತಿಗೆ ಝೋಯಾಳ ಫೋನ್ ಬಂತು.

"ನಮಾಝ್ ಮಾಡ್ದೆ, ಅಬೀದ್."

"ಏನು... ಏನಾಯ್ತು?"

"ಉತ್ತರ ಅಂತ ಕನಸು ಗಿನಸು ಏನೂ ಬೀಳ್ಲಿಲ್ಲ. ಭಯಾನೂ ಹೋಗಿಲ್ಲ. ಆದ್ರೆ ಮನಸ್ಸು ನಿಮ್ಮನ್ನ ಬಿಟ್ಟು ಕದಲ್ತಾ ಇಲ್ಲ. ಹೋಗಿ ಬನ್ನಿ... ಕಾಯ್ತೀನಿ."

ಆ ಕಡೆಯಿಂದ ಮೂಗೆಳೆಯುವ ಸದ್ದು ಕೇಳಿಸಿತು.

"ಅಬೀದ್? ಅಳ್ತಿದ್ದೀರಾ?"

"ಹೂಂ. ನೀವು?"

"ನಾನೂ."