ಹಾರಿಸಿದ ಸಾಲು

ಮೂರು ಗಂಟೆಯ ಚಹಾಕ್ಕೆ ಮಷೀನುಗಳು ನಿಂತಾಗ ಜೀನ್ಸ್ ಕಾರ್ಖಾನೆಯಿಂದ ಕೃಷ್ಣವೇಣಿ ಹೊರಗೆ ಬಂದಳು. ರಾಯದುರ್ಗದ ಬಿಸಿಲಿನಲ್ಲಿ ತಿಪ್ಪೇಸ್ವಾಮಿ ಬೈಕಿಗೆ ಒರಗಿ ನಿಂತಿದ್ದ. ಹೆಗಲಲ್ಲಿ ರಕ್ತದ ಸ್ಯಾಂಪಲ್ ಒಯ್ಯುವ ಐಸ್ ಡಬ್ಬಿ.

“ಏನ್ರಿ ಸಾಹೇಬ್ರ, ಮುಂದಿನ ತಿಂಗಳು ನಮ್ಮ ಮದುವಿ. ಈಗ್ಲೂ ಸೂಜಿ ಹಿಡ್ಕೊಂಡೇ ಬರ್ತೀರಲ್ಲ!” ಬೆರಳಿಗೆ ಅಂಟಿದ್ದ ನೀಲಿ ಬಣ್ಣವನ್ನು ಅವನ ಬಿಳಿ ಶರ್ಟಿಗೆ ಒರೆಸುವವಳಂತೆ ಕೈ ಚಾಚಿ, ಓರೆಗಣ್ಣಲ್ಲಿ ನೋಡಿದಳು.

ಬೇರೆ ದಿನವಾಗಿದ್ದರೆ ಆ ಕೈಯನ್ನು ಅವನು ಬಿಡುತ್ತಿರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಇಂದು ಅವಳ ಕಣ್ಣನ್ನೇ ನೋಡಲಾಗಲಿಲ್ಲ.

ಎರಡು ವರ್ಷದ ಹಿಂದೆ ಗುಮ್ಮಘಟ್ಟದ ಕಡೆ ಅವಳ ಊರಿನ ಕುರಿ ಸಾಕುವವರ ಕೇರಿಗೆ ಹೆಸರು ಗೊತ್ತಿಲ್ಲದ ಜ್ವರ ಬಂದಿತ್ತು. ಲ್ಯಾಬಿನಿಂದ ರಕ್ತ ತೆಗೆಯಲು ಹೋದವನು ಇವನೇ. ಇಂಗ್ಲಿಷ್ ಫಾರಂ ಅನ್ನು ಕನ್ನಡದಲ್ಲಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡ. ಒಂದು ಸಾಲನ್ನು ಮಾತ್ರ ಹಾರಿಸಿದ: ಈ ರಕ್ತ ಹೊರದೇಶಕ್ಕೆ ಹೋಗಬಹುದು, ಅದರಿಂದ ಏನೇ ತಯಾರಾದರೂ ಕೊಟ್ಟವರಿಗೆ ಹಕ್ಕಿಲ್ಲ. ಮೊದಲು ತೋಳು ಚಾಚಿದವಳು ಮೂಕಮ್ಮ. “ಮೆಲ್ಲಕ ಚುಚ್ಚರಿ, ನಮ್ಮವ್ವ ಆಕಿ” ಎಂದು ಹಿಂದೆ ನಿಂತು ಗದರಿಸಿದವಳು ಕೃಷ್ಣವೇಣಿ. ಪ್ರೀತಿ ಶುರುವಾದದ್ದು ಅಲ್ಲಿ. ಪಾಪವೂ ಅಲ್ಲೇ.

“ವೇಣಿ, ನಿಂಗೊಂದು ಹೇಳಬೇಕು.”

ಎಲ್ಲ ಹೇಳಿದ. ಆ ರಕ್ತದಿಂದ ಹೊರದೇಶದವರು ಜ್ವರ ಪತ್ತೆಹಚ್ಚುವ ಕಿಟ್ ಮಾಡಿದ್ದಾರೆ. ಕೇರಿಯಲ್ಲಿ ಈಗ ಮತ್ತೆ ಅದೇ ಜ್ವರ, ಇಲ್ಲಿನ ಲ್ಯಾಬಿನಲ್ಲಿ ಒಂದೂ ಕಿಟ್ ಇಲ್ಲ. ಆದರೂ ಹೊಸ ರಕ್ತ ತರಲು ಇವನನ್ನೇ ಕಳಿಸಿದ್ದಾರೆ.

ಅವಳ ಮುಖದ ನಗು ಆರಿತು. “ಎಲ್ಲೋ ಯಾರದೋ ಜೀವ ಉಳದ್ರ ನಮಗೇನು ಸಂಕಟ? ಆದ್ರ ಬಟ್ಟಲದಾಗ ಸಾರು ಕೊಟ್ಟ ಮನಿಗೆ ನಾವು ಚಿಟಿಕಿ ಸಕ್ಕರಿನಾರ ಹಾಕಿ ವಾಪಸ್ ಕೊಡ್ತೀವಿ. ಬರೇ ಬಟ್ಟಲ ಯಾರರ ಕೊಡ್ತಾರೇನ್ರಿ?”

“ತಪ್ಪಾತು.”

“ಅವರ ತಪ್ಪು ಅವರಿಗಿರ್ಲಿ. ನೀವ್ಯಾಕ ಮುಚ್ಚಿಟ್ರಿ?”

“ಗೊತ್ತಾದ್ರ ನಿಮ್ಮವ್ವ ಒಲ್ಲೆ ಅಂತಾಳ ಅನ್ಕೊಂಡೆ.”

“ಆಕಿನ್ನ ಒಮ್ಮೆರ ಕೇಳಿದ್ರೇನು?”

ಅವಳು ಒಳಗೆ ಹೋಗಿ ರಜೆ ಹೇಳಿ ಬಂದು ಬೈಕ್ ಹತ್ತಿದಳು. ಐಸ್ ಡಬ್ಬಿಯನ್ನು ಇಬ್ಬರ ನಡುವೆ ಇಟ್ಟುಕೊಂಡಳು, ಊರು ಬರುವವರೆಗೂ ಅವನ ಭುಜ ಮುಟ್ಟಲಿಲ್ಲ.

ಮೂಕಮ್ಮನ ಎದುರು ಕೂತು ಅವನು ಇಡೀ ಫಾರಂ ಓದಿದ, ಹಿಂದೆ ಮಾಡಿದ್ದನ್ನೂ ಒಪ್ಪಿಕೊಂಡ. ಮುದುಕಿ ತನ್ನ ಹೆಬ್ಬೆಟ್ಟನ್ನು ನೋಡಿಕೊಂಡಳು.

“ರಕ್ತ ಕೊಡಾಕ ನಾ ಯಾವತ್ತು ಒಲ್ಲೆ ಅಂದೆನಪ್ಪ? ಯಾರ ಮಗುನಾರ ಬದುಕ್ಲಿ. ಆದ್ರ ಅದ್ರಿಂದ ಮಾಡಿದ್ದು ನಮ್ಮ ಕೇರಿಗೂ ಬರಬೇಕು ಅಂತ ಬರಿ. ಆಮ್ಯಾಲ ಚುಚ್ಚು.”

ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತು. ಅಂದು ಹಾರಿಸಿದ್ದ ಸಾಲನ್ನು ಹೊಡೆದುಹಾಕಿ, ಅವಳ ಮಾತನ್ನು ಬರೆದು, ಕೆಳಗೆ ತನ್ನ ಸಹಿ ಹಾಕಿದ.

“ಈ ಫಾರಂ ಕೊಟ್ರ ನನ್ನ ಕೆಲಸ ಹೋಗಬೌದು, ವೇಣಿ.”

“ಜೀನ್ಸ್ ಹೊಲಿಯಾಕ ಕಲಿಸ್ತೀನಿ, ಬರ್ರಿ.”

ಅವನು ಆಸೆಯಿಂದ ತಲೆ ಎತ್ತಿದ. “ಸಿಟ್ಟು ಹೋತಾ?”

“ಇಲ್ರಿ.” ಕೃಷ್ಣವೇಣಿ ಕಣ್ಣೊರೆಸಿಕೊಂಡು ಅವನ ಪಕ್ಕಕ್ಕೆ ಬಂದು ಕೂತಳು. “ಸಿಟ್ಟು ಇಟ್ಕೊಂಡೇ ಮದುವಿ ಆಗ್ತೀನಿ.”