ತನ್ನವರಿಗೆ ಸಲ್ಲದ ಔಷಧಿ

"ಏಳಿ... ಪ್ಲೀಸ್, ಎಲ್ಲರೂ ಏಳಿ ಇಲ್ಲಿಂದ!"

ಆ ದನಿಗೆ ಆಸ್ಪತ್ರೆಯ ಹಾಲ್‌ನಲ್ಲಿ ಸಾಲಾಗಿ ಕೂತಿದ್ದ ರೋಗಿಗಳೆಲ್ಲ ಬೆಚ್ಚಿ ಎದ್ದರು. ಶಿರೀನ್ ಒಬ್ಬಳು ಏಳಲಿಲ್ಲ.

ಏಳುವುದು ಅವಳಿಗೆ ಸುಲಭವೂ ಆಗಿರಲಿಲ್ಲ. ಶ್ವಾಸಕೋಶದ ರಕ್ತನಾಳಗಳು ದಿನದಿನಕ್ಕೆ ಬಿಗಿಯುತ್ತ ಹೋಗುವ ಕಾಯಿಲೆ ಅವಳದು. ಮುಂಬಯಿ ಜೋಗೇಶ್ವರಿಯ ಕನ್ನಡಿಗರ ಚಾಳಿನಿಂದ ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ದೊಡ್ಡ ದಾನಿ ಬರುತ್ತಾರೆ, ಒಳ್ಳೆಯ ಬಟ್ಟೆ ಹಾಕಿಕೊಂಡು ಬನ್ನಿ ಎಂದು ಆಸ್ಪತ್ರೆಯವರೇ ಕರೆಸಿದ್ದರು. ಈಗ ಯಾರೋ ಇಸ್ತ್ರಿ ಅಂಗಿಯವನು ಬಂದು ಎಬ್ಬಿಸುತ್ತಿದ್ದಾನೆ!

"ನಾ ಏಳಂಗಿಲ್ರಿ," ಎಂದಳು ಶಿರೀನ್. "ಕರಿಯೋರೂ ನೀವ, ಎಬ್ಬಿಸೋರೂ ನೀವ? ನಮಗೇನು ಉಸಿರು ಪುಕ್ಕಟೆ ಸಿಗತದೇನು?"

ಅವನು ತಡಬಡಿಸಿದ. "ಇಲ್ಲ... ಮತಲಬ್... ನಾನು ಕರೆದಿಲ್ಲ. ಅಂಗಡಿ ಗಾಜಿನಲ್ಲಿ ಸೀರೆ ಇಟ್ಟ ಹಾಗೆ ಪೇಷಂಟ್ಸ್‌ನ ಇಟ್ಟಿದ್ದಾರೆ. ದಾನಿ ಬಂದು ಮುಖ ನೋಡಿ ಆರಿಸಬೇಕಾ? ನನಗೆ ಸರಿ ಅನಿಸಲ್ಲ."

ಸಿಟ್ಟು ಮಾಡಬೇಕೆಂದು ಶಿರೀನ್ ಎತ್ತಿದ ಕಣ್ಣು ಅವನ ಮುಖದ ಮೇಲೆಯೇ ಉಳಿಯಿತು...

"ಅಲ್ಲೋ ಅಬ್ರಾರ, ಹುಡುಗಿ ಮ್ಯಾಲೆ ಯಾಕ ಒದರಾಕತ್ತಿ?" ಎನ್ನುತ್ತ ಹಿಂದಿನಿಂದ ಒಬ್ಬ ಮುದುಕಿ ಬಂದರು. ಕೈಯಲ್ಲಿ ಕೋಲು, ಮೈಮೇಲೆ ನೂಲಿನ ಇಳಕಲ್ ಸೀರೆ. ದೊಡ್ಡ ದಾನಿ ಅಂದರೆ ಇವರೇ. ಮಾಟುಂಗದ ಕಸ್ತೂರಿಬಾಯಿ. ಇದೇ ಕಾಯಿಲೆ ಅವರ ಒಬ್ಬಳೇ ಮಗಳನ್ನು ತಿಂದಿತ್ತು, ಆ ಕಾಲಕ್ಕೆ ಡಾಕ್ಟರಿಗೂ ಅದರ ಹೆಸರು ಗೊತ್ತಿರಲಿಲ್ಲ.

ಅಬ್ರಾರ ಅವರ ಸಲಹೆಗಾರ. ಮಲಾಡಿನ ಒಂದು ಆಫೀಸಿನಲ್ಲಿ ಅವನ ಕೆಲಸ. ಕೊಡಬೇಕು ಅನ್ನುವ ಮನಸ್ಸಿದ್ದು, ಯಾರಿಗೆ, ಹೇಗೆ ಅನ್ನುವುದು ತಿಳಿಯದವರಿಗೆ ದಾರಿ ತೋರಿಸುವುದು, ಕೊಟ್ಟದ್ದು ಮುಟ್ಟಿತೋ ಇಲ್ಲವೋ ನೋಡುವುದು. ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಾದರೂ ಮನೆಯವರು ಬಾಗಲಕೋಟೆ ಕಡೆಯವರು. ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಕಸ್ತೂರಿಬಾಯಿ ಅವನನ್ನೇ ಬೇಕೆಂದು ಹಿಡಿದಿದ್ದರು.

"ನನಗ ಮಗಳ ಹೆಸರಿನ್ಯಾಗ ಒಂದು ಹಾಲ್ ಕಟ್ಟಬೇಕವ್ವಾ," ಅಂದರು ಅವರು, ಶಿರೀನ್ ಪಕ್ಕದಲ್ಲಿ ಕೂರುತ್ತ. "ಬಿಳೀ ಅಮೃತಶಿಲಾದ್ದು."

"ಹಾಲ್‌ನ್ಯಾಗ ಕುಂತರ ಉಸಿರು ಬರತದೇನ್ರಿ ಅಜ್ಜಿ?" ಕೇಳೇಬಿಟ್ಟಳು ಶಿರೀನ್.

ಮುದುಕಿ ಅಬ್ರಾರನ ಕಡೆ ನೋಡಿದರು. ಅವನು ಮೆಲ್ಲಗೆ ಹೇಳಿದ: "ಅಜ್ಜಿ, ಒಂದು ಪಾಲು ಇವರಂಥವರ ಔಷಧಿಗೆ ಇಡೋಣ. ಇನ್ನೊಂದು ಪಾಲು ಈ ಕಾಯಿಲೆ ಮೇಲೆ ಸಂಶೋಧನೆ ಮಾಡೋ ಡಾಕ್ಟರ್‌ಗೆ."

"ಆ ಸಂಶೋಧನೆ ಎಂದ ಮುಗಿತದ?"

"ಹೇಳಕ್ಕಾಗಲ್ಲ. ಅದರ ಫಲ ಇವರಿಗೆ ಬಹುಶಃ ಸಿಗಲ್ಲ ಅಜ್ಜಿ. ಇವರ ನಂತರ ಬರೋರಿಗೆ ಸಿಗಬಹುದು."

ಇವರಿಗೆ ಸಿಗಲ್ಲ! ಎದುರಿಗೇ ಕೂತವಳ ಮುಂದೆ ಆಡುವ ಮಾತೇ ಅದು? ಶಿರೀನ್‌ಳ ಎದೆ ಚುರ್ ಎಂದಿತು. ಆದರೆ ಆ ಚುರುಕಿನ ಜೊತೆಗೇ ಒಂದು ತಂಪೂ ಇತ್ತು. ಗುಣವಾಗುತ್ತದೆ, ಗುಣವಾಗುತ್ತದೆ ಎಂದು ಎಲ್ಲರೂ ಸುಳ್ಳು ಹೇಳುವ ಕಡೆ ಒಬ್ಬನಾದರೂ ನಿಜ ಹೇಳಿದ್ದ.

ಹಾಲ್ ಕಟ್ಟಲಿಲ್ಲ. ಔಷಧಿ ಬಂತು.

ಯಾರಿಗೆ ಕೊಡಬೇಕೆಂದು ಡಾಕ್ಟರರು ಹೇಳಿದರು, ಅಬ್ರಾರ ಮನೆಮನೆಗೆ ಹೋಗಿ ನೋಡಿ ಬಂದು ಒಪ್ಪಿಗೆ ಹಾಕಿದ. ಹಾಗೆ ಆರಿಸಿದವರಲ್ಲಿ ಶಿರೀನ್ ಒಬ್ಬಳು. ಗುಳಿಗೆ ನುಂಗತೊಡಗಿದ ಮೇಲೆ ಅವಳ ತುಟಿಗೆ ಮತ್ತೆ ಕೆಂಪು ಬಂತು. ಬಿಟ್ಟುಹೋಗಿದ್ದ ಬ್ಯಾಗು ಹೊಲಿಯುವ ಕೆಲಸವನ್ನು ಮನೆಯಲ್ಲೇ ಕೂತು ಹಿಡಿದಳು. ತಿಂಗಳಿಗೊಮ್ಮೆ ಸಂಶೋಧನೆಗೆಂದು ಒಂದು ನಳಿಕೆ ರಕ್ತ ಕೊಡುತ್ತಿದ್ದಳು.

ಅಬ್ರಾರ ತಿಂಗಳಿಗೊಮ್ಮೆ ಬರುತ್ತಿದ್ದ. ಆಮೇಲೆ ವಾರಕ್ಕೊಮ್ಮೆ ಬರತೊಡಗಿದ.

"ಔಷಧಿ ಮುಟ್ತಾ ಇದೆಯಾ ಅಂತ ನೋಡೋಕೆ," ಅನ್ನುತ್ತಿದ್ದ.

"ನಿನ್ನೆ ಮುಟ್ಟಿದ್ದು ಇವತ್ತು ಹಾರಿಹೋಗತದೇನ್ರಿ?" ಅನ್ನುತ್ತಿದ್ದಳು ಅವಳು. ಅವನು ಕಿವಿ ಕೆಂಪಗೆ ಮಾಡಿಕೊಂಡು ಚಹಾ ಕುಡಿಯುತ್ತಿದ್ದ.

ಅವಳ ತಂದೆ ಅಮೀರಸಾಬ ವೆಲ್ಡಿಂಗ್ ಕಾರಖಾನೆಯ ಮನುಷ್ಯ, ಮಾತು ಕಡಿಮೆ. ತಾಯಿ ನಜಮುನ್ನೀಸಾಗೆ ಮಾತ್ರ ಎಲ್ಲ ಕಾಣುತ್ತಿತ್ತು. ಒಂದು ದಿನ ಅವಳೇ ಬಾಯಿ ಬಿಟ್ಟಳು: "ಬೇಟಾ ಅಬ್ರಾರ, ನಿಮ್ಮ ಅಮ್ಮೀನ ಒಮ್ಮೆ ನಮ್ಮ ಮನಿಗೆ ಕರಕೊಂಡ ಬಾರಪ್ಪಾ. ಹಿರೇರು ಕುಂತು ಮಾತಾಡೂಣು."

ಶಿರೀನ್ ಪರದೆಯ ಹಿಂದೆ ಉಸಿರು ಹಿಡಿದು ನಿಂತಳು. ಹೂಂ ಅನ್ನು... ಒಂದು ಸಲ ಹೂಂ ಅನ್ನು...

ಅವನು ಕಪ್ಪನ್ನು ಕೆಳಗಿಟ್ಟ. ಮುಖ ಬಿಳಿಚಿಕೊಂಡಿತ್ತು.

"ಖಾಲಾ, ನೀವು ತಪ್ಪು ತಿಳ್ಕೊಂಡಿದ್ದೀರಿ. ಶಿರೀನ್ ನನಗೆ ಒಬ್ಬ ಪೇಷಂಟ್. ಅಷ್ಟೇ."

ಅಷ್ಟೇ!

ಮರುವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅವನ ಬದಲಿಗೆ ಆಫೀಸಿನ ಮಾಧುರಿ ಎಂಬವಳು ಬಂದು ಔಷಧಿ ಕೊಟ್ಟು ಹೋದಳು. "ಸರ್‌ಗೆ ಬೇರೆ ಕೆಲಸ ಇದೆ" ಎಂದಳು.

ಚಾಳಿನ ಗೋಡೆಗಳಿಗೆ ಕಿವಿ ಬಹಳ. ನಲ್ಲಿಯ ಹತ್ತಿರ ಪಕ್ಕದ ಖೋಲಿಯ ಜೇಬುನ್ನೀಸಾ ಅಂದೇಬಿಟ್ಟಳು: "ದಮ್ಮಿನ ಹುಡುಗಿನ್ನ ಯಾವಾಂವ ಮಾಡ್ಕೋತಾನವಾ? ಧರ್ಮಕ್ಕ ಗುಳಿಗಿ ಕೊಡತಾರ, ಧರ್ಮಕ್ಕ ಗಂಡನ್ನ ಕೊಡತಾರೇನು?"

ಶಿರೀನ್ ಬಿಂದಿಗೆ ಅಲ್ಲೇ ಬಿಟ್ಟು ಒಳಗೆ ಬಂದಳು. ಅಳಲೂ ಉಸಿರು ಬೇಕು. ಅದಿಲ್ಲದವಳು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಗುಳಿಗೆ ಕೈಯಲ್ಲಿ ಹಿಡಿದಾಗಲೆಲ್ಲ ಅನ್ನಿಸುತ್ತಿತ್ತು, 'ಇದು ಅವನು ಕೊಡಿಸಿದ್ದು. ಕನಿಕರದಿಂದ ಕೊಡಿಸಿದ್ದು. ನನಗೆ ಬೇಡ!'

ಕೊನೆಗೆ ಒಂದು ಮಧ್ಯಾಹ್ನ ಲೋಕಲ್ ರೈಲು ಹಿಡಿದು, ನಡುವೆ ಅಲ್ಲಲ್ಲಿ ಕೂತು ಸುಧಾರಿಸಿಕೊಂಡು, ಮಾಟುಂಗದ ಕಸ್ತೂರಿಬಾಯಿಯ ಮನೆಗೆ ಹೋದಳು.

"ಅಜ್ಜಿ, ನನ್ನ ಔಷಧಿ ನಿಲ್ಲಿಸ್ರಿ. ಬ್ಯಾರೆ ಯಾರಿಗರ ಕೊಡ್ರಿ."

ಮುದುಕಿ ನೀರು ತಂದು ಕುಡಿಸಿದರು. ಉಸಿರು ಸಮ ಆಗುವ ತನಕ ಬೆನ್ನು ಸವರಿದರು.

"ಅಬ್ರಾರ ಹೇಳಿದನೇನು ನಿನಗ?"

"ಏನು ಹೇಳಬೇಕಿತ್ರಿ?"

ಹೇಳುವುದೋ ಬಿಡುವುದೋ ಎಂದು ಕಸ್ತೂರಿಬಾಯಿ ಸೆರಗಿನ ತುದಿ ಸುತ್ತಿದರು. ಆಮೇಲೆ ತಡೆಯಲಾಗಲಿಲ್ಲ.

"ಹಿಂದಕ ನನ್ನ ಗಂಡ ಒಂದು ದವಾಖಾನಿಗೆ ದಾನಾ ಕೊಟ್ಟಿದ್ದರವ್ವಾ. ಅದನ್ನ ಹಂಚಾಕ ಇದ್ದಾಂವ ತನ್ನ ಹೆಂಡ್ತಿ, ಮೈದುನ, ಬೀಗರು, ಎಲ್ಲಾರಿಗೂ ಹಂಚಿ ಮುಗಿಸಿದ. ಅದನ್ನ ಅಬ್ರಾರನ ಮುಂದ ಹೇಳಿದೆ. ಅಂವ ಅಂದ, ಅಜ್ಜಿ, ಹಂಗಾದ್ರ ಕಾಗದದಾಗ ಒಂದು ಶರತ್ತು ಹಾಕೋಣು, ಆರಿಸಿದಾತನ ಮನಿಯವರಿಗೆ ಈ ಔಷಧಿ ಎಂದೂ ಸಲ್ಲಬಾರದು, ಆತ ನೌಕರಿ ಬಿಟ್ಟರೂ ಸಲ್ಲಬಾರದು. ನಾ ಕೇಳಿರಲಿಲ್ಲ ತಂಗಿ. ಅಂವ ತಾನ ಬರಸಿದ. ತಾನ ಬಿಗಿ ಮಾಡಿದ. ಈಗ ನಿನ್ನ ಮಾಡ್ಕೊಂಡ್ರ ನೀ ಅವನ ಮನಿಯಾಕಿ, ನಿನ್ನ ಗುಳಿಗಿ ನಿಲ್ಲತದ."

ಶಿರೀನ್ ನೀರಿನ ಲೋಟ ಕೆಳಗಿಟ್ಟಳು.

"ನಿಮ್ಮ ಅಮ್ಮಾ ಮದುವಿ ಮಾತು ಎತ್ತೋ ಮೊದಲ ಅಂವ ಇಲ್ಲಿ ಬಂದಿದ್ದ. ನೀ ಕುಂತೀಯಲ್ಲ, ಇಲ್ಲೇ ಕುಂತು ಅತ್ತ. ಅಜ್ಜಿ, ಶರತ್ತು ಸಡಿಲ ಮಾಡ್ರಿ ಅಂದ. ವಕೀಲರನ್ನ ಕೇಳಿದೆ, ಆಗಂಗಿಲ್ಲ ಅಂದರು. ಹೊರಗ ಕೊಂಡು ತರಬೇಕಂದ್ರ ಅವನ ಪಗಾರ ಪೂರಾ ಹಾಕಿದರೂ ಅರ್ಧ ತಿಂಗಳಿಗೂ ಸಾಲಂಗಿಲ್ಲ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಏನ್ ಮಾಡ್ತಿದ್ದಿ?"

ಏನು ಮಾಡುತ್ತಿದ್ದಳು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಔಷಧಿ ಬಿಟ್ಟು ಅವನನ್ನು ಹಿಡಿಯುತ್ತಿದ್ದಳು.

ಅಲ್ಲಿಂದಲೇ ಅವನಿಗೆ ಫೋನ್ ಮಾಡಿದಳು. ಅವನು ಎತ್ತಿದ.

"ನನಗ ಎಲ್ಲಾ ಗೊತ್ತಾಗೇದ," ಎಂದಳು. "ನನ್ನ ಉಸಿರು ನಂದು. ಅದನ್ನ ಎಲ್ಲಿ ಖರ್ಚು ಮಾಡಬೇಕಂತ ನನ್ನ ಒಂದು ಮಾತು ಕೇಳಬಾರದಿತ್ತೇನ್ರಿ?"

"ಶಿರೀನ್, ಔಷಧಿ ಬಿಟ್ಟರೆ ನೀವು ಉಳಿಯಲ್ಲ."

"ಬಿಡದಿದ್ರ?"

ಕಾಯಿಲೆಯ ವಿಷಯದಲ್ಲಿ ಅವನು ಸುಳ್ಳು ಹೇಳಿ ಅಭ್ಯಾಸವಿಲ್ಲದವನು. "ಸ್ವಲ್ಪ ಜಾಸ್ತಿ ದಿನ..." ಎಂದ. "ಆ ಸ್ವಲ್ಪ ನನಗೆ ಬೇಕು. ನೀವು ಬೇರೆ ಕಡೆ ಇದ್ದರೂ ಸರಿ, ಇರಬೇಕು. ನುಂಗ್ತೀರಾ? ನನಗೋಸ್ಕರ?"

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

"ನುಂಗ್ತೀನಿ," ಅಂದಳು.

ಪ್ರೀತಿಸಿದವನ ಮಾತು ಉಳಿಸಲು ಅವನಿಂದ ದೂರ ಕೂತು ಗುಳಿಗೆ ನುಂಗುವುದು! ಮಳೆಗಾಲ ಬಂದು ಹೋಯಿತು. ಅವನು ಬರಲಿಲ್ಲ, ಅವಳು ಕರೆಯಲಿಲ್ಲ. ಇಬ್ಬರೂ ಕಾಗದದ ಶರತ್ತಿಗೆ ತಪ್ಪಲಿಲ್ಲ.

ತಪ್ಪಿದ್ದು ಔಷಧಿ.

ಚಳಿ ಶುರುವಾಗುವ ಹೊತ್ತಿಗೆ ಶಿರೀನ್‌ಳ ಕಾಲು ಬಾತವು. ಕೂತಲ್ಲೇ ಉಸಿರು ಕಟ್ಟತೊಡಗಿತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಮೊದಲಿನಿಂದ ಅವಳನ್ನು ನೋಡುತ್ತಿದ್ದ ಡಾಕ್ಟರ್ ಹರಿಣಿ ಅವಳ ಕೈ ಹಿಡಿದುಕೊಂಡರು.

"ಶಿರೀನ್, ಗುಳಿಗೆ ಈಗ ಕೆಲಸ ಮಾಡ್ತಿಲ್ಲಮ್ಮ. ಸುಮ್ಮನೆ ಹೊಟ್ಟೆ ಕೆಡಿಸ್ತಿದೆ. ನಿಲ್ಲಿಸಿಬಿಡೋಣ. ಮನೆಗೆ ಆಕ್ಸಿಜನ್ ಕೊಡ್ತೀನಿ."

"ಮುಂದ?"

ಡಾಕ್ಟರು ಆಕ್ಸಿಜನ್ನಿನ ಚೀಟಿ ಬರೆಯತೊಡಗಿದರು. ಜೊತೆಗೆ ಬಂದಿದ್ದ ಅಮೀರಸಾಬ ಟೋಪಿ ತೆಗೆದು ಕೈಯಲ್ಲಿ ಹಿಂಡಿದ.

"ನನ್ನ ಪಾಲಿಂದು ಇನ್ನೊಬ್ಬರಿಗೆ ಹೋಗತದಲ್ರಿ?" ಕೇಳಿದಳು ಶಿರೀನ್.

"ಹೋಗುತ್ತೆ. ಕಾಯ್ತಾ ಇರೋ ಹುಡುಗಿ ಒಬ್ಬಳು ಇದ್ದಾಳೆ."

"ರಕ್ತ ತಗೋಳೋದು ನಿಲ್ಲಿಸಬ್ಯಾಡ್ರಿ. ಇರೋತನಕ ಕೊಡ್ತೀನಿ. ಆಕಿಗರ ಉಪಯೋಗಕ್ಕ ಬರಲಿ."

ಹೊರಗೆ ಬಂದಾಗ ವರಾಂಡದ ಬೆಂಚಿನ ಮೇಲೆ ಅಬ್ರಾರ ಕೂತಿದ್ದ. ಮಾಧುರಿ ಸುದ್ದಿ ಮುಟ್ಟಿಸಿದ್ದಳು. ಗಡ್ಡ ಬೆಳೆದಿತ್ತು, ಅಂಗಿಗೆ ಇಸ್ತ್ರಿ ಇರಲಿಲ್ಲ. ಅವಳನ್ನು ನೋಡಿ ಎದ್ದುನಿಂತ.

ಅಮೀರಸಾಬ ಇಬ್ಬರನ್ನೂ ನೋಡಿದ. "ನಾ ಚಾ ಕುಡದ ಬರ್ತೀನಿ," ಅಂದು ಹೋದ. ಹೋದದ್ದು ಕ್ಯಾಂಟೀನಿನ ಕಡೆ ಅಲ್ಲ, ತಿರುವಿನಲ್ಲಿ ಗೋಡೆಗೆ ಆತು ನಿಂತು ಕಣ್ಣೊರೆಸಿಕೊಂಡ.

"ಕೂಡ್ರಿ," ಅಂದಳು ಶಿರೀನ್. "ನನಗ ನಿಂತು ಮಾತಾಡಾಕ ಆಗಂಗಿಲ್ಲ."

ಕೂತರು. ಇಷ್ಟು ಹತ್ತಿರ ಅವರು ಎಂದೂ ಕೂತಿರಲಿಲ್ಲ.

"ಔಷಧಿ ನಿಂತಿತು," ಎಂದ ಅವನು. "ಇನ್ನು ನೀವು ನನ್ನವರಾದರೆ ನಿಮ್ಮಿಂದ ಯಾರೂ ಏನೂ ಕಿತ್ತುಕೊಳ್ಳೋ ಹಾಗಿಲ್ಲ. ಇಂಥ ದಿನಕ್ಕೆ ಕಾಯ್ತಿದ್ದೆ ಅಂದ್ರೆ ನಾನು ಪಾಪಿ. ಕಾಯ್ತಿರಲಿಲ್ಲ ಶಿರೀನ್. ಬರಲೇಬಾರದು ಅಂತ ದುವಾ ಮಾಡ್ತಿದ್ದೆ."

"ಮತ್ತ ಬಂತಲ್ಲ."

"ಬಂತು."

ಅವನು ಮುಖ ಮುಚ್ಚಿಕೊಂಡ. ಅವಳು ಆ ಕೈಗಳನ್ನು ಮುಖದಿಂದ ಬಿಡಿಸಿದಳು. ಮುಟ್ಟಿದ್ದು ಅದೇ ಮೊದಲು.

"ಅಳಬ್ಯಾಡ್ರಿ. ನಿಮ್ಮದೂ ನಂದೂ ಸೇರಿ ಇರೋದು ಒಬ್ಬರ ಉಸಿರು. ಅದನ್ನ ಅಳಾಕ ಖರ್ಚು ಮಾಡೂದೇನು? ಏನು ಕೇಳಬೇಕಂತ ಬಂದೀರಿ, ಅದನ್ನ ಕೇಳ್ರಿ."

ಅವನು ಒದ್ದೆ ಕಣ್ಣಿನಲ್ಲೇ ನೇರ ಕೂತ.

"ನನ್ನನ್ನ ಮದುವೆ ಆಗ್ತೀರಾ?"

ಅವಳ ಕೆನ್ನೆಗೆ ಎಲ್ಲಿಂದಲೋ ಬಣ್ಣ ಬಂತು. ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವ ತನಕ ಅವನು ಬೆನ್ನು ಹಿಡಿದುಕೊಂಡ.

"ಮೆಹರ್ ಏನು ಕೊಡ್ತೀರಿ?"

"ಏನು ಕೇಳಿದರೂ ಕೊಡ್ತೀನಿ."

"ಗಂಡಸರೆಲ್ಲ ನಿಕಾಹದಾಗ ಹೆಂಡತಿಗೆ ಕೊಡೋ ಮೆಹರ್ ಉದ್ದರಿ ಇಡತಾರ. ಮುಂದ ಕೊಡ್ತೀನಿ, ಮುಂದ ಕೊಡ್ತೀನಿ ಅಂತ ಮುದುಕಿ ಆಗೋತನಕ. ನನ್ನ ಕೂಡ ಅದು ನಡಿಯಂಗಿಲ್ಲ. ಉಧಾರ್ ನಕ್ಕೊ, ಉದ್ದರಿ ಬ್ಯಾಡ. ನಗದ ಬೇಕು."

"ನಗದೇ ಕೊಡ್ತೀನಿ. ಹೇಳಿ, ಏನು ಬೇಕು?"

"ಖಾಜಿ ಮುಂದ ಒಂದು ಬೆಳ್ಳಿ ಉಂಗುರ ಇಡ್ರಿ, ಸಾಕು. ಆದ್ರ ನನ್ನ ಕೈಗೆ ಕೊಡೋದು ಬ್ಯಾರೆ. ನಾಳೆ ಇಡೀ ದಿನ. ಆಫೀಸಿಲ್ಲ, ದಾನಿಗಳಿಲ್ಲ, ಫೋನಿಲ್ಲ. ಮುಂಜಾನಿಂದ ಸಂಜಿತನಕ ನನ್ನ ಬಾಜು ಕುಂದರಬೇಕು."

"ಅಷ್ಟೇನಾ?"

"ಅಷ್ಟ."

ಅವನು ಅವಳ ಬೆರಳುಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡ. ಆ ಬೆರಳುಗಳು ತಣ್ಣಗಿದ್ದವು, ಉಗುರಿನ ಬುಡ ನೀಲಿಯಾಗಿತ್ತು.

"ನಾಳಿದ್ದು?" ಎಂದು ಕೇಳಿದ, ಕೇಳಲೋ ಬೇಡವೋ ಅನ್ನುವ ದನಿಯಲ್ಲಿ.

ಶಿರೀನ್ ಅವನ ಭುಜಕ್ಕೆ ತಲೆ ಇಟ್ಟು ಕಣ್ಣು ಮುಚ್ಚಿದಳು.

"ಅದನ್ನ ನಾಳೆ ಕೇಳ್ರಿ."