ಭಾನುವಾರದ ತಾರೀಖಿನ ಮಾಡ್ಯೂಲ್

"ಹೆಂಗಸು ಸಾಯೋ ಹಾಗಿದ್ದಾಳೆ. ನಿಮ್ಮ ರಿಪೋರ್ಟ್ ಮಾತ್ರ ಎಲ್ಲ ಸರಿ ಅನ್ನುತ್ತೆ!"

ವೈದ್ಯೆ ಹಾಳೆಯನ್ನು ಪ್ರಯೋಗಾಲಯದ ಮೇಜಿಗೆ ಬಡಿದಳು. ಅದೇ ರಕ್ತವನ್ನು ಹೊರಗೆ ಪರೀಕ್ಷಿಸಿದಾಗ ಮೂತ್ರಪಿಂಡ ಕೈಕೊಟ್ಟಿದ್ದು ಗೊತ್ತಾಗಿತ್ತು.

ಸರ್ವರ್ ನೋಡಿಕೊಳ್ಳುವವಳು ಕುರ್ಚಿ ಎಳೆದುಕೊಂಡಳು. ಯಂತ್ರಗಳ ಅಂಕಿಯನ್ನು ರಿಪೋರ್ಟ್ ಮಾಡುವುದು ಒಂದು ಪುಟ್ಟ ಕಂಪ್ಯೂಟರ್ ಸ್ಕ್ರಿಪ್ಟ್. ಅದಕ್ಕೆ ನೆರವಾಗಲು ಅವಳು ಹಾಕಿದ್ದ ಕೋಡ್ ತುಣುಕುಗಳು, ಅಂದರೆ ಮಾಡ್ಯೂಲ್‌ಗಳು ಹನ್ನೊಂದು. ಪರದೆಯಲ್ಲಿ ಹನ್ನೆರಡಿದ್ದವು.

ಹನ್ನೆರಡನೆಯದನ್ನು ತೆರೆದಳು. ಮೂರನೇ ಯಂತ್ರದ ಅಂಕಿ ಮಿತಿ ಮೀರಿದರೆ ಅದನ್ನು ಸದ್ದಿಲ್ಲದೆ ಮಿತಿಯೊಳಕ್ಕೆ ಇಳಿಸುವ ಕೆಲಸ ಅದರದು.

"ಬರೆದವರ ಹೆಸರು ಇದೆಯಾ?" ಪ್ರಯೋಗಾಲಯದ ಮ್ಯಾನೇಜರ್ ಬಗ್ಗಿ ನೋಡಿದ.

ಇತ್ತು. ಸೋಮವಾರ ಕೆಲಸದಿಂದ ತೆಗೆದಿದ್ದ ಪ್ರೋಗ್ರಾಮರ್‌ನದು. ಫೈಲಿನ ತಾರೀಖು ಅದರ ಹಿಂದಿನ ಭಾನುವಾರ.

"ಕೆಲಸ ಹೋಗುತ್ತೆ ಅಂತ ಮೊದಲೇ ಗೊತ್ತಾಗಿ ಸೇಡಿಗೆ ಮಾಡಿದಾನೆ," ಎಂದ ಮ್ಯಾನೇಜರ್. " ಪೊಲೀಸರಿಗೆ ಹೇಳಿಬಿಡೋಣ."

* * *

ಸರ್ವರ್‌ನವಳು ಪ್ರೋಗ್ರಾಮರ್‌ಗೆ ಫೋನ್ ಮಾಡಿದಳು.

"ಅಕ್ಕಾ, ನನ್ನ ಮಕ್ಕಳಾಣೆ, ನಾನಲ್ಲ. ನನ್ನ ಪಾಸ್‌ವರ್ಡ್ ಸೋಮವಾರವೇ ಕಿತ್ತುಹಾಕಿದ್ರಲ್ಲ?"

"ಭಾನುವಾರ ಇತ್ತಲ್ಲಪ್ಪಾ?"

"ಇತ್ತು. ಆದ್ರೆ ನಾನು ಏನೂ ಮುಟ್ಟಿಲ್ಲ ಅಕ್ಕಾ."

ಫೋನ್ ಇಟ್ಟಳು. ಆದರೂ ಏನೋ ತಾಳೆಯಾಗುತ್ತಿರಲಿಲ್ಲ. ಆ ಮಾಡ್ಯೂಲ್ ಕೂತಿದ್ದ ಜಾಗವನ್ನು ಮತ್ತೊಮ್ಮೆ ಓದಿದಳು. ಹುಬ್ಬೇರಿತು.

* * *

"ಇದು ನಮ್ಮ ಸ್ಕ್ರಿಪ್ಟ್ ಬರೆದಿರೋ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿಯ ಫೋಲ್ಡರ್‌ನಲ್ಲಿದೆ," ಎಂದಳು. "ಅದನ್ನ ನಾನು ಹಾಕಿದ್ದು ಗುರುವಾರ."

"ಹಳೇದರಿಂದ ನಕಲಾಗಿ ಬಂದಿರಬೇಕು," ಎಂದ ಮ್ಯಾನೇಜರ್.

"ಹಳೇದರಲ್ಲಿ ಇದು ಓಡೋದೇ ಇಲ್ಲ. ಈಗಷ್ಟೇ ಓಡಿಸಿ ನೋಡಿದೆ. ಹೊಸದರಲ್ಲಿ ಮಾತ್ರ ಇರೋ ಆಜ್ಞೆ ಬಳಸಿ ಬರೆದಿದಾರೆ. ಆ ಆವೃತ್ತಿ ಬಿಡುಗಡೆ ಆಗಿದ್ದೇ ಬುಧವಾರ. ಅದಕ್ಕೂ ಮುಂಚಿನ ಭಾನುವಾರ ಯಾರು ಬರೀತಾರೆ ಸಾರ್? ಹೆಸರನ್ನ ಯಾರು ಬೇಕಾದ್ರೂ ಟೈಪ್ ಮಾಡಬಹುದು. ತಾರೀಖನ್ನೂ ತಿದ್ದಬಹುದು."

"ಅಂದ್ರೆ?"

"ಗುರುವಾರದಿಂದ ಸರ್ವರ್‌ನ ಪಾಸ್‌ವರ್ಡ್ ಗೊತ್ತಿದ್ದಿದ್ದು ಇಬ್ಬರಿಗೆ. ನನಗೆ, ನಿಮಗೆ."

ಮ್ಯಾನೇಜರ್ ಗೋಡೆಗೆ ಒರಗಿದ.

"ಆ ಮೂರನೇ ಯಂತ್ರ ಗಟ್ಟಿಮುಟ್ಟಾಗಿರೋರಿಗೂ ಕಾಯಿಲೆ ತೋರಿಸ್ತಿತ್ತು. ದಿನಾ ದೂರು. ಅದೇ ಬೇಕು ಅಂತ ಹಠ ಹಿಡಿದು ತರಿಸಿದವನು ನಾನು. ರಿಪೇರಿಯವರು ಬರೋ ತನಕ ಅಂತ, ನನಗೆ ಬರೋ ಅಷ್ಟಿಷ್ಟು ಕೋಡ್‌ನಲ್ಲಿ ನಾನೇ ಬರೆದು ಹಾಕಿದೆ..."

"ಅವನ ಹೆಸರು ಯಾಕೆ ಹಾಕಿದ್ರಿ?"

"ಹೇಗೂ ಹೋಗಿದ್ದನಲ್ಲ."

ವೈದ್ಯೆ ಅವನತ್ತ ತಿರುಗಿಯೂ ನೋಡಲಿಲ್ಲ. "ಗುರುವಾರದಿಂದ ಎಷ್ಟು ಜನರ ರಿಪೋರ್ಟ್ ಹೀಗೆ ಇಳಿದಿದೆ?"

ಸರ್ವರ್‌ನವಳು ಪಟ್ಟಿ ತೆಗೆದಳು. "ನಲವತ್ತಮೂರು."

ವೈದ್ಯೆ ಫೋನ್ ಎತ್ತಿಕೊಂಡು ಪಟ್ಟಿಯ ಮೊದಲ ರೋಗಿಯ ನಂಬರ್ ಒತ್ತಿದಳು.